ಹಳೇ ಪೇಟೆಗೆ ಸಲಹೆ ಕೊಡುವ ಕಸುಬು: ಮೊದಲು ಬಾಗಿಲು ಎಣಿಸಿ

ಕಾಸರಗೋಡು ಜಿಲ್ಲೆಯಲ್ಲಿ ತಲಪ್ಪಾಡಿಯಿಂದ ಚೆಂಗಳದವರೆಗೆ ಆರು ಪಥದ ಹೆದ್ದಾರಿ ಬಂದ ಮೇಲೆ ಹೊಸಂಗಡಿ, ಉಪ್ಪಳ, ಕುಂಬಳೆಯಂಥ ಪೇಟೆಗಳಲ್ಲಿ ಜನ ನಡೆಯುವ ದಾರಿಯೇ ಬದಲಾಗಿದೆ. ಮೊದಲು ಬಸ್ಸಿಳಿದು ಎದುರಿನ ಅಂಗಡಿಗೆ ದಾಟುತ್ತಿದ್ದವರು ಈಗ ಅಂಡರ್‌ಪಾಸ್ ಹುಡುಕಬೇಕು, ಸರ್ವಿಸ್ ರೋಡಿನಲ್ಲಿ ಸುತ್ತಬೇಕು. ಒಳನಾಡಿನ ಬದಿಯಡ್ಕ, ಮುಳ್ಳೇರಿಯ, ಪೆರ್ಲದ ಕಡೆ ತೊಂದರೆ ಬೇರೆ. ಅಲ್ಲಿ ಕೃಷಿಕರ ದುಡ್ಡು ಪೇಟೆಗೆ ಬರುತ್ತದೆ, ಆದರೆ ಬಟ್ಟೆಗೂ ಮದುವೆ ಜವಳಿಗೂ ಮಂಗಳೂರಿನ ಬಸ್ ಹತ್ತುತ್ತದೆ. ಇಂಥ ಪೇಟೆಗಳಿಗೆ ಸಲಹೆ ಕೊಡುವುದನ್ನೇ ಕಸುಬು ಮಾಡಿಕೊಳ್ಳಬಹುದೇ ಎಂದು ಆರ್ಕಿಟೆಕ್ಚರ್ ಓದಿದವರು, ಎಂಬಿಎ ಮುಗಿಸಿ ಊರಿಗೆ ಮರಳಿದವರು ಕೇಳುತ್ತಾರೆ. ಮಾಡಿಕೊಳ್ಳಬಹುದು. ಆದರೆ ಬಣ್ಣದ ನಕ್ಷೆ ಮಾರಲು ಹೊರಟವರಿಗೆ ಎರಡನೆಯ ಪೇಟೆ ಸಿಗುವುದಿಲ್ಲ. ಇಲ್ಲಿ ಬೆಲೆಯಿರುವುದು ಲೆಕ್ಕಕ್ಕೆ ಮತ್ತು ಮಾಲಿಕ, ಬಾಡಿಗೆದಾರ, ಪಂಚಾಯತು ಮೂವರನ್ನೂ ಒಂದು ಕಡೆ ಕೂರಿಸುವ ತಾಳ್ಮೆಗೆ.

ಈ ಕೆಲಸಕ್ಕೆ ಹಳೆಯ ಮಾದರಿಯೊಂದಿದೆ. ಅಮೆರಿಕದಲ್ಲಿ 1977ರಲ್ಲಿ ಗೇಲ್ಸ್‌ಬರ್ಗ್, ಮ್ಯಾಡಿಸನ್, ಹಾಟ್ ಸ್ಪ್ರಿಂಗ್ಸ್ ಎಂಬ ಮೂರು ಸಣ್ಣ ಊರುಗಳಲ್ಲಿ ಪ್ರಯೋಗ ನಡೆಸಿ, 1980ರಲ್ಲಿ ಅದನ್ನು 'ಮೇನ್ ಸ್ಟ್ರೀಟ್' ಕಾರ್ಯಕ್ರಮವಾಗಿ ವಿಸ್ತರಿಸಿದರು. ವ್ಯಾಪಾರ, ವಿನ್ಯಾಸ, ಪ್ರಚಾರ, ಸಂಘಟನೆ ನಾಲ್ಕೂ ಜೊತೆಯಾಗಿ ಸಾಗಬೇಕು ಎನ್ನುವುದು ಅದರ ತಿರುಳು. ನಮಗೆ ಅದಕ್ಕಿಂತ ಮುಖ್ಯವಾದ ವಿಷಯ ಇನ್ನೊಂದು: ಆ ಮೂರೂ ಊರುಗಳಲ್ಲಿ ಈ ಕೆಲಸಕ್ಕೆಂದೇ ಪೂರ್ಣಾವಧಿಯ ಒಬ್ಬ ಮನುಷ್ಯನಿದ್ದ. ತಿಂಗಳಿಗೊಮ್ಮೆ ಮಂಗಳೂರಿನಿಂದಲೋ ಕೊಚ್ಚಿಯಿಂದಲೋ ಬಂದು ಹೋಗುವ ಸಲಹೆಗಾರನಿಂದ ಕುಂಬಳೆ ಪೇಟೆಯಲ್ಲಿ ಒಂದು ಶಟರೂ ತೆರೆಯುವುದಿಲ್ಲ.

ಶುರು ಮಾಡಲು 60ರಿಂದ 150 ಅಂಗಡಿಗಳಿರುವ ಪೇಟೆ ಆರಿಸಿಕೊಳ್ಳಿ. ಕಾಸರಗೋಡು ನಗರಸಭೆಯ ಪೇಟೆ ಮೊದಲ ಕೆಲಸಕ್ಕೆ ದೊಡ್ಡದಾಯಿತು. ಪ್ರತಿ ಬಾಗಿಲಿಗೂ ಒಂದು ಹಾಳೆ ಇಡಿ. ಕಟ್ಟಡ ಸಂಖ್ಯೆ, ಮುಂಭಾಗ ಎಷ್ಟು ಅಡಿ, ಏನು ವ್ಯಾಪಾರ, ಮಾಲಿಕನೋ ಬಾಡಿಗೆಯೋ, ಬಾಡಿಗೆ ಎಷ್ಟು, ಮುಂಗಡ ಎಷ್ಟು, ಮಾಳಿಗೆಯಲ್ಲಿ ಏನಿದೆ, ಕರೆಂಟ್ ಮೀಟರ್ ಓಡುತ್ತಿದೆಯೋ ಇಲ್ಲವೋ. ಮೀಟರನ್ನು ಬಿಡಬೇಡಿ. ಶಟರ್ ಮುಚ್ಚಿದ್ದರೂ ಮೀಟರ್ ಓಡುತ್ತಿದ್ದರೆ ಅದು ಖಾಲಿ ಅಂಗಡಿಯಾಗಿರುವ ಬದಲು ಯಾರದೋ ಗೋದಾಮು ಆಗಿರುವ ಸಂಭವ ಹೆಚ್ಚು. ಇಬ್ಬರು ಸೇರಿದರೆ ದಿನಕ್ಕೆ 25 ಬಾಗಿಲು ಆಗುತ್ತದೆ, ಅದಕ್ಕಿಂತ ವೇಗವಾಗಿ ಹೋದರೆ ಬಾಡಿಗೆಯ ನಿಜವಾದ ಮೊತ್ತ ಯಾರೂ ಹೇಳುವುದಿಲ್ಲ. ಪ್ರಶ್ನೆ ಕೇಳುವುದು ತುಳುವಿನಲ್ಲಿ, ಮಲಯಾಳದಲ್ಲಿ, ಬ್ಯಾರಿಯಲ್ಲಿ, ಎದುರಿನವರು ಯಾವುದರಲ್ಲಿ ಮಾತನಾಡುತ್ತಾರೋ ಅದರಲ್ಲಿ. ಬರೆದುಕೊಳ್ಳುವುದು ಒಂದೇ ಭಾಷೆಯಲ್ಲಿ. ಸಭೆಯ ನೋಟೀಸು ಮಾತ್ರ ಕನ್ನಡ, ಮಲಯಾಳ ಎರಡರಲ್ಲೂ ಇರಲೇಬೇಕು. ಒಂದರಲ್ಲಿ ಮಾತ್ರ ಅಂಟಿಸಿದರೆ ಅರ್ಧ ಪೇಟೆ ತನ್ನನ್ನು ಕರೆದಿಲ್ಲ ಎಂದುಕೊಳ್ಳುತ್ತದೆ.

ಜನರ ಎಣಿಕೆಗೆ ಪೇಟೆಯ ನಾಲ್ಕು ಜಾಗ ಗೊತ್ತುಮಾಡಿ, ಬೆಳಗ್ಗೆ 8ರಿಂದ ರಾತ್ರಿ 8ರವರೆಗೆ ಪ್ರತಿ ಗಂಟೆಯ ಮೊದಲ 15 ನಿಮಿಷ ಎರಡೂ ದಿಕ್ಕಿನಲ್ಲಿ ನಡೆಯುವವರನ್ನು ಎಣಿಸಿ, ನಾಲ್ಕರಿಂದ ಗುಣಿಸಿ. ವಾರದ ನಡುವಿನ ಒಂದು ದಿನ, ಒಂದು ಶನಿವಾರ, ಒಂದು ಭಾನುವಾರ ಸಾಕು. ಶುಕ್ರವಾರವನ್ನು ಸರಾಸರಿಗೆ ಸೇರಿಸಬೇಡಿ: ಮಧ್ಯಾಹ್ನ ಜುಮಾ ಹೊತ್ತಿಗೆ ಅನೇಕ ಶಟರ್ ಇಳಿಯುತ್ತವೆ, ಅಂಕಿ ಓರೆಯಾಗುತ್ತದೆ. ವಾಹನ ನಿಲುಗಡೆಗೆ ಅರ್ಧ ಗಂಟೆಗೊಮ್ಮೆ ಬೀದಿಯುದ್ದಕ್ಕೂ ನಡೆದು ನಂಬರ್ ಪ್ಲೇಟಿನ ಕೊನೆಯ ನಾಲ್ಕು ಅಂಕಿ ಬರೆದುಕೊಳ್ಳಿ. ಬೆಳಗಿನಿಂದ ಸಂಜೆಯವರೆಗೆ ಕದಲದೆ ನಿಂತ ಸ್ಕೂಟರ್, ಕಾರುಗಳ ಮಾಲಿಕರು ಯಾರು ಎಂದು ಹುಡುಕಿದರೆ, ಹೆಚ್ಚಿನವು ಅಂಗಡಿಯವರದೇ, ಅಂಗಡಿಯ ಕೆಲಸದವರದೇ ಆಗಿರುತ್ತವೆ. 'ಪಾರ್ಕಿಂಗ್ ಇಲ್ಲ, ಅದಕ್ಕೇ ಗಿರಾಕಿ ಇಲ್ಲ' ಎಂಬ ದೂರಿಗೆ ಈ ಹಾಳೆಯೇ ಉತ್ತರ. ಸಭೆಯಲ್ಲಿ ಹೆಸರು ಓದಬೇಡಿ, ಸಂಖ್ಯೆ ಮಾತ್ರ ಓದಿ.

ಒಳನಾಡಿನ ಪೇಟೆಯಲ್ಲಿ ಇನ್ನೊಂದು ಪ್ರಶ್ನೆ ಸೇರಿಸಿ. ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊಗೋ ಖಾಸಗಿ ವ್ಯಾಪಾರಿಗೋ ಅಡಿಕೆ ಕೊಟ್ಟು ಹೊರಬಂದ ಕೃಷಿಕ ಮುಂದಿನ ಒಂದು ಗಂಟೆ ಎಲ್ಲೆಲ್ಲಿಗೆ ಹೋಗುತ್ತಾನೆ? ಹೋಟೆಲ್, ಗೊಬ್ಬರದಂಗಡಿ, ಬ್ಯಾಂಕ್, ಆಮೇಲೆ ಬಸ್ಸೇ ಆಗಿದ್ದರೆ, ಆ ಪೇಟೆಗೆ ಬೇಕಾದದ್ದು ಸೆಲ್ಫಿ ಪಾಯಿಂಟ್ ಅಲ್ಲವೇ ಅಲ್ಲ. ಪಂಪ್‌ಸೆಟ್ ರಿಪೇರಿ, ಅಡಿಕೆ ಕೊಯ್ಲಿನ ಫೈಬರ್ ದೋಟಿ, ಸ್ಪ್ರೇಯರಿನ ಬಿಡಿಭಾಗ, ಕಣ್ಣಿನ ಪರೀಕ್ಷೆ, ಕೂತು ಉಣ್ಣಲು ಶುಚಿಯಾದ ಜಾಗ, ಹೆಂಗಸರಿಗೆ ಶೌಚಾಲಯ. ಕೊನೆಯದನ್ನು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ, ಆದರೆ ಪೇಟೆಯಲ್ಲಿ ಕುಟುಂಬ ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದನ್ನು ಅದೇ ನಿರ್ಧರಿಸುತ್ತದೆ.

ಇನ್ನು ಮುಚ್ಚಿದ ಬಾಗಿಲುಗಳು. ಸಲಹೆಗಾರ ನಿಜವಾಗಿ ದುಡಿಯಬೇಕಾದ್ದು ಇಲ್ಲೇ. ಹಳೆಯ ಬಾಡಿಗೆದಾರ ದಶಕಗಳ ಹಿಂದಿನ ಬಾಡಿಗೆಯಲ್ಲೇ ಕೂತಿರುತ್ತಾನೆ, ಕೇರಳದ 1965ರ ಬಾಡಿಗೆ ನಿಯಂತ್ರಣ ಕಾಯ್ದೆಯ ರಕ್ಷಣೆಯೂ ಅವನಿಗಿದೆ. ಬರುವ ಬಾಡಿಗೆಯಲ್ಲಿ ಹಂಚು ಬದಲಿಸಲೂ ಆಗದ ಮಾಲಿಕ ಮಾಡು ಸೋರಲು ಬಿಡುತ್ತಾನೆ. ಪರರ ಸೊತ್ತಿಗೆ ದುಡ್ಡು ಹಾಕಲು ಬಾಡಿಗೆದಾರ ಹೆದರುತ್ತಾನೆ. ಇದನ್ನು ಬಿಡಿಸಲು ಕಾಗದದ ಮೇಲೊಂದು ದಾರಿಯಿದೆ: ರಿಪೇರಿಗೆ ಬಾಡಿಗೆದಾರ 60,000 ರೂಪಾಯಿ ಹಾಕುವುದು, ತಿಂಗಳ 2,500 ರೂಪಾಯಿ ಬಾಡಿಗೆಯಲ್ಲಿ 1,250 ಕಳೆಯುತ್ತಾ 48 ತಿಂಗಳಲ್ಲಿ ತೀರಿಸಿಕೊಳ್ಳುವುದು. ಇಲ್ಲಿ ಎಡವುವುದು ಎಲ್ಲಿ ಎಂದರೆ, ರೂಢಿಯಂತೆ 11 ತಿಂಗಳ ಕರಾರು ಬರೆದು ಬಿಡುತ್ತಾರೆ. ಒಂದು ವರ್ಷಕ್ಕಿಂತ ಹೆಚ್ಚಿನ ಗೇಣಿಗೆ ನೋಂದಣಿ ಕಡ್ಡಾಯ. ನೋಂದಣಿ ಇಲ್ಲದ 48 ತಿಂಗಳ ಮಾತು ಜಗಳ ಬಂದ ದಿನ ನಿಲ್ಲುವುದಿಲ್ಲ.

ಪಾಲಾಗದ ಕುಟುಂಬದ ಕಟ್ಟಡ ಇನ್ನೂ ಕಷ್ಟ. ಒಬ್ಬ ದುಬೈಯಲ್ಲಿ, ಒಬ್ಬ ಮುಂಬೈಯಲ್ಲಿ, ತಂಗಿ ಮಂಗಳೂರಿನಲ್ಲಿ. ವಿದೇಶದಲ್ಲಿರುವವರಿಂದ ಮುಕ್ತ್ಯಾರುನಾಮೆ (ಪವರ್ ಆಫ್ ಅಟಾರ್ನಿ) ತರಿಸುವುದಾದರೆ ಅಲ್ಲಿನ ಭಾರತೀಯ ಕಾನ್ಸುಲೇಟಿನಲ್ಲಿ ದೃಢೀಕರಿಸಿ ಕಳಿಸಬೇಕು, ಇಲ್ಲಿಗೆ ಮುಟ್ಟಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ತೆರಬೇಕು. ಈ ಕೆಲಸವನ್ನು ವಕೀಲರಿಗೆ ಒಪ್ಪಿಸಿ, ಆದರೆ ಬೆನ್ನುಹತ್ತುವವರು ನೀವೇ ಆಗಿರಬೇಕು. ಆಸ್ತಿ ಪಾಲು ಮಾಡಿಸಲು ಹೋಗಬೇಡಿ. ಕೆಳಗಿನ ಎರಡು ಕೋಣೆಯನ್ನು ಮೂರು ವರ್ಷಕ್ಕೆ ಬಾಡಿಗೆಗೆ ಕೊಡಲು ಎಲ್ಲರ ಸಹಿ ಸಿಕ್ಕರೆ ಅಷ್ಟೇ ಸಾಕು.

ಬೀದಿಯ ಕೆಲಸದಲ್ಲಿ ಚರಂಡಿಯೇ ಮೊದಲು. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ಮಳೆಗೆ ಪೇಟೆಯ ಯಾವ ಅಲಂಕಾರವೂ ಉಳಿಯುವುದಿಲ್ಲ. ಚರಂಡಿಯ ಮೇಲೆ ಉದ್ದಕ್ಕೂ ಕಾಂಕ್ರೀಟ್ ಎರೆದು ಅದರ ಮೇಲೆ ಇಂಟರ್‌ಲಾಕ್ ಹಾಸಿಬಿಡುವುದು ಪದೇ ಪದೇ ನಡೆಯುವ ತಪ್ಪು. ಎತ್ತಲು ಬರುವ ಚಪ್ಪಡಿ ಇಲ್ಲದಿದ್ದರೆ ಹೂಳು ತೆಗೆಯಲು ದಾರಿಯಿಲ್ಲ, ಮೊದಲ ಜೋರು ಮಳೆಗೇ ನೀರು ಅಂಗಡಿ ಜಗಲಿ ಹತ್ತುತ್ತದೆ. ಇಬ್ಬರು ಎತ್ತಬಹುದಾದ ತೂಕದ, ಹಿಡಿಕೆಯಿರುವ ಚಪ್ಪಡಿಗಳನ್ನು ಪ್ರತಿ ತಿರುವಿನಲ್ಲೂ, ನೇರ ಭಾಗದಲ್ಲಿ ಕೆಲವು ಮೀಟರಿಗೊಂದರಂತೆಯೂ ಇಡಿಸಿ. ಇಂಟರ್‌ಲಾಕ್ ನಡೆಯುವ ಜಾಗಕ್ಕೆ 60 ಮಿ.ಮೀ., ವಾಹನ ಹತ್ತುವಲ್ಲಿ 80 ಮಿ.ಮೀ. ಅಂಚಿಗೆ ಗಟ್ಟಿ ಕಾಂಕ್ರೀಟ್ ಕಟ್ಟೆ ಇಲ್ಲದಿದ್ದರೆ ಅಡಿಯ ಮರಳು ಮಳೆಗೆ ಜಾರಿ ಇಡೀ ಸಾಲು ಹರಡುತ್ತದೆ. ಫುಟ್‌ಪಾತಿನಲ್ಲಿ ಅಡ್ಡಿಯಿಲ್ಲದ 1.8 ಮೀಟರ್ ಅಗಲ ಬೇಕು, ರಸ್ತೆಯಿಂದ ಎತ್ತರ 15 ಸೆ.ಮೀ. ಮೀರಬಾರದು. ಎತ್ತರ ಹೆಚ್ಚಾದರೆ ವಯಸ್ಸಾದವರು ಅದನ್ನು ಬಿಟ್ಟು ರಸ್ತೆಯಲ್ಲೇ ನಡೆಯುತ್ತಾರೆ.

ಹಳೆಯ ಮುರಕಲ್ಲಿನ ಗೋಡೆಗೆ ಸಿಮೆಂಟ್ ಗಾರೆ ಬಳಿದು ಹೊಳೆಯುವ ಬಣ್ಣ ಹಚ್ಚುವುದಕ್ಕೆ ಒಪ್ಪಬೇಡಿ. ಕಲ್ಲು ಹೀರಿದ ತೇವ ಹೊರಬರಲಾರದೆ ಎರಡು ಮಳೆಗಾಲದಲ್ಲಿ ಗಾರೆ ಚಕ್ಕೆಯೇಳುತ್ತದೆ. ಸುಣ್ಣದ ಗಾರೆ, ಸುಣ್ಣದ ಬಣ್ಣ ಸಾಕು.

ದುಡ್ಡು ಕೊಡುವವರು ಯಾರು? ಪಂಚಾಯತನ್ನೇ ನೆಚ್ಚಿ ಕೂತರೆ ಕಸುಬು ನಡೆಯುವುದಿಲ್ಲ. ಕೇರಳದ ವಾರ್ಷಿಕ ಯೋಜನೆಗೆ ಒಂದು ಕ್ರಮವಿದೆ: ಕಾರ್ಯಪಡೆ, ಗ್ರಾಮಸಭೆ, ಅಭಿವೃದ್ಧಿ ಸೆಮಿನಾರು, ಪಂಚಾಯತು ಆಡಳಿತ ಸಮಿತಿ, ಕೊನೆಗೆ ಜಿಲ್ಲಾ ಯೋಜನಾ ಸಮಿತಿ. ಗ್ರಾಮಸಭೆಯ ಹೊತ್ತಿಗೆ ನಿಮ್ಮ ಎಣಿಕೆಯ ಎರಡು ಪುಟ ಸದಸ್ಯರ ಕೈಯಲ್ಲಿಲ್ಲದಿದ್ದರೆ ಒಂದು ವರ್ಷ ಹೋಯಿತು. ಬಿಲ್ಲು ಮಾರ್ಚ್ ಕೊನೆಗೆ ಬಿಟ್ಟರೆ ಟ್ರೆಷರಿಯ ಸಾಲಿನಲ್ಲಿ ಸಿಕ್ಕಿಕೊಳ್ಳುತ್ತದೆ, ಜನವರಿಯೊಳಗೆ ಕೊಡಿ. ಇದರ ಜೊತೆಗೆ ವ್ಯಾಪಾರಿಗಳಿಂದ ತಿಂಗಳ ವಂತಿಗೆ ಇರಲಿ. 120 ಅಂಗಡಿ, ತಲಾ 300 ರೂಪಾಯಿ ಎಂದರೆ 36,000. ಪೇಟೆಯಲ್ಲೇ ಒಬ್ಬರು ಕೂರುವುದಕ್ಕೆ ಇದು ಆಧಾರ. ವ್ಯಾಪಾರಿ ತಾನು ದುಡ್ಡು ಕೊಟ್ಟ ಸಭೆಗೆ ಬರುತ್ತಾನೆ, ಬಂದು ಕೇಳುತ್ತಾನೆ, ಅದೇ ಬೇಕಾದ್ದು. ಮೂರನೆಯದು ಮಾಲಿಕರು: ಖಾಲಿ ಕೋಣೆ ತುಂಬಿಸಿಕೊಟ್ಟರೆ ಒಂದು ತಿಂಗಳ ಬಾಡಿಗೆ. ಬೋರ್ಡು ಮಾಡುವವರಿಂದ, ಗುತ್ತಿಗೆದಾರರಿಂದ ಕಮಿಷನ್ ಮುಟ್ಟಲೇಬೇಡಿ. ಸಣ್ಣ ಊರಿನಲ್ಲಿ ಅದು ಒಂದು ವಾರವೂ ಗುಟ್ಟಾಗಿ ಉಳಿಯುವುದಿಲ್ಲ, ಆಮೇಲೆ ನಿಮ್ಮ ಯಾವ ಲೆಕ್ಕವನ್ನೂ ನಂಬುವವರಿಲ್ಲ.

ತೆರಿಗೆಯಲ್ಲಿ ಎಡವುವ ಜಾಗವೊಂದಿದೆ. ಪಂಚಾಯತು, ನಗರಸಭೆಗಳಿಗೆ ಅವುಗಳ ಸಂವಿಧಾನದತ್ತ ಕೆಲಸಕ್ಕೆ ಸಂಬಂಧಿಸಿ ಕೊಡುವ ಶುದ್ಧ ಸೇವೆಗೆ ಜಿಎಸ್‌ಟಿ ವಿನಾಯಿತಿ ಇದೆ. ಅದೇ ಬಿಲ್ಲಿಗೆ ದೀಪ, ಬೋರ್ಡು, ಬೆಂಚು ಸರಬರಾಜು ಸೇರಿಸಿ, ಸರಕಿನ ಪಾಲು ಒಟ್ಟು ಮೊತ್ತದ ಶೇ. 25 ಮೀರಿದರೆ ವಿನಾಯಿತಿ ಹೋಯಿತು. ವ್ಯಾಪಾರಿಗಳ ವಂತಿಗೆಗೆ, ಮಾಲಿಕರ ಶುಲ್ಕಕ್ಕೆ ಈ ವಿನಾಯಿತಿ ಇಲ್ಲ. ನೋಂದಣಿಯ 20 ಲಕ್ಷದ ಮಿತಿ ಲೆಕ್ಕ ಹಾಕುವಾಗ ವಿನಾಯಿತಿಯ ಆದಾಯವೂ ಸೇರುತ್ತದೆ ಎಂಬುದನ್ನು ಮರೆತು ದಂಡ ತೆತ್ತವರಿದ್ದಾರೆ. ಗಡಿ ದಾಟಿ ವಿಟ್ಲ, ಪುತ್ತೂರಿನ ಪೇಟೆಗೆ ಸಲಹೆ ಕೊಟ್ಟರೂ ಸೇವೆಯ ಮಟ್ಟಿಗೆ ಇದೇ ಮಿತಿ.

ಕರಾರಿನಲ್ಲಿ ಶುಲ್ಕ ಮೂರು ಕಂತಾಗಲಿ: ಎಣಿಕೆ ಮುಗಿದಾಗ 30, ಮೊದಲ ಕೆಲಸಗಳು ನೆಲದ ಮೇಲೆ ಕಂಡಾಗ 40, ವರ್ಷ ಕಳೆದು ಮರು ಎಣಿಕೆಯ ನಂತರ ಉಳಿದ ಶೇ. 30. ಮರು ಎಣಿಕೆ ಅದೇ ನಾಲ್ಕು ಜಾಗದಲ್ಲಿ, ಅದೇ ವಾರದ ದಿನಗಳಲ್ಲಿ ನಡೆಯಬೇಕು. ಆದರೆ ಅದೇ ತಾರೀಕು ಹಿಡಿಯಬೇಡಿ. ರಂಜಾನ್ ಪ್ರತಿ ವರ್ಷ ಸುಮಾರು 11 ದಿನ ಹಿಂದೆ ಸರಿಯುತ್ತದೆ. ಹೋದ ವರ್ಷ ಹಬ್ಬಕ್ಕೆ ಮುಂಚಿನ ವಾರ ಎಣಿಸಿ ಈ ವರ್ಷ ಹಬ್ಬ ಮುಗಿದ ಮೇಲೆ ಎಣಿಸಿದರೆ ಉಪ್ಪಳದಲ್ಲಿ ಪೇಟೆ ಸತ್ತಂತೆ ಕಾಣುತ್ತದೆ. ಜನವರಿಯ ಕುಂಬಳೆ ಬೆಡಿ (ದೇವಸ್ಥಾನದ ಉತ್ಸವ), ವಿಷು, ಓಣಂನ ಹಿಂದುಮುಂದಿನ ವಾರಗಳನ್ನೂ ಬಿಡಿ. ನಮ್ಮ ಕಡೆ ಎಣಿಕೆಗೆ ನವೆಂಬರ್ ಕೊನೆ ಒಳ್ಳೆಯದು: ಮಳೆ ಹಿಂದೆ ಬಿದ್ದಿರುತ್ತದೆ, ದೀಪಾವಳಿ ಮುಗಿದಿರುತ್ತದೆ, ಶಾಲೆ ನಡೆಯುತ್ತಿರುತ್ತದೆ.