ಹದಿನಾಲ್ಕು ಕ್ರಾಸ್ ಹಾಕಿದ ಹುಡುಗ

ನಮ್ಮ ಅಂಡರ್-17 ಫುಟ್‌ಬಾಲ್ ತಂಡದ ರೈಟ್‌ಬ್ಯಾಕ್, ಅಂದರೆ ಬಲ ಅಂಚಿನ ಡಿಫೆಂಡರ್ ವಿಷಯಕ್ಕೆ ಎರಡು ತಿಂಗಳಿಂದ ಜಗಳ ನಡೆದಿದೆ. ಜಗಳ ಇರೋದು ನನಗೂ ನಮ್ಮ ಹಿರಿಯ ಕೋಚ್‌ಗೂ. ಹುಡುಗನಿಗೆ ಇದು ಗೊತ್ತೇ ಇಲ್ಲ. ಅವನ ಹೆಸರು ಇಲ್ಲಿ ಬೇಡ. ಜೆರ್ಸಿ ನಂಬರ್ 2 ಅಂತಿಟ್ಟುಕೊಳ್ಳಿ.

ನಾನು ಕೋಚ್ ಏನಲ್ಲ. ಭಾನುವಾರ ಬೆಳಿಗ್ಗೆ ಗ್ರೌಂಡಿಗೆ ಹೋಗಿ ಕೋನ್ ಇಡುತ್ತೇನೆ, ಬಾಲ್‌ಗೆ ಗಾಳಿ ತುಂಬುತ್ತೇನೆ, ಮ್ಯಾಚ್ ಇದ್ದರೆ ನೋಟ್‌ಬುಕ್ ಹಿಡಿದು ಟಚ್‌ಲೈನ್ ಪಕ್ಕ ನಿಲ್ಲುತ್ತೇನೆ. ನಾನೂ ಒಂದು ಕಾಲದಲ್ಲಿ ರೈಟ್‌ಬ್ಯಾಕ್ ಆಡಿದವನು. ಆಗ ನಮಗೆ ಹೇಳಿಕೊಟ್ಟಿದ್ದು ಒಂದೇ: ನಡುಗೆರೆ ದಾಟಬೇಡ. ದಾಟಿದ ದಿನ ಬೈಗುಳ ಟೀ ಅಂಗಡಿವರೆಗೂ ಹಿಂದೆ ಬರುತ್ತಿತ್ತು. ಹಾಗಾಗಿ ಈ ಕಾಲದ ಫುಲ್‌ಬ್ಯಾಕ್‌ಗಳನ್ನು (ಎಡ-ಬಲ ಅಂಚಿನ ಡಿಫೆಂಡರ್‌ಗಳನ್ನು) ನೋಡಿದರೆ ನನಗೆ ಸ್ವಲ್ಪ ಹೊಟ್ಟೆಕಿಚ್ಚೇ.

ಜಗಳ ಶುರುವಾಗಿದ್ದು ಒಂದು ಲೀಗ್ ಮ್ಯಾಚ್‌ನಿಂದ. ಅವತ್ತು ನಂಬರ್ 2 ಮೈದಾನದ ಉದ್ದಕ್ಕೂ ಓಡಿದ. ಬೇಲಿ ಪಕ್ಕ ನಿಂತಿದ್ದವರೆಲ್ಲ "ಏನ್ ಅಟ್ಯಾಕ್ ಮಾಡ್ತಾನೆ ಗುರೂ" ಅಂದರು. ಮ್ಯಾಚ್ ಮುಗಿದ ಮೇಲೆ ನನ್ನ ಪುಟ ನೋಡಿದೆ. ಕ್ರಾಸ್, ಅಂದರೆ ಬದಿಯಿಂದ ಗೋಲಿನ ಮುಂದಕ್ಕೆ ಹಾಕುವ ಚೆಂಡು, 14. ಅದರಲ್ಲಿ 9 ಎದುರಿಗಿದ್ದ ಮೊದಲ ಡಿಫೆಂಡರ್‌ನ ಮೊಣಕಾಲಿಗೇ ಬಡಿದಿವೆ. 2 ಗೋಲ್ ಹಿಂದಿನ ಮೋರಿಗೆ. 2 ನೇರ ಕೀಪರ್ ಕೈಗೆ. ನಮ್ಮವನಿಗೆ ಸಿಕ್ಕಿದ್ದು ಒಂದು, ಅದೂ ಪುಟಿದು ಹೋಗಿದ್ದು.

ಹಿರಿಯ ಕೋಚ್ ಹೇಳಿದ್ದು, "ಇವನಿಗೆ ಡಿಫೆನ್ಸ್ ಬರಲ್ಲ, ಓಟ ಇದೆ. ವಿಂಗರ್ ಮಾಡಿಬಿಡೋಣ." ವಿಂಗರ್ ಅಂದರೆ ಅದೇ ಬದಿಯಲ್ಲಿ ಮುಂದೆ ನಿಂತು ಅಟ್ಯಾಕ್ ಮಾಡುವವನು. ಅವರ ಮಾತು ತಳ್ಳಿಹಾಕುವ ಹಾಗಿಲ್ಲ. ಆ ಮ್ಯಾಚ್‌ನಲ್ಲಿ ನಾವು ತಿಂದ ಎರಡೂ ಗೋಲು ಅವನು ಬಿಟ್ಟುಹೋದ ಜಾಗದಿಂದಲೇ ಬಂದಿದ್ದವು.

ಆದರೂ ನಾನು ಒಪ್ಪಲಿಲ್ಲ. ಕಾರಣ ನಿಧಾನವಾಗಿ ಹೇಳುತ್ತೇನೆ.

ಮೊದಲು ಲೆಕ್ಕದ ವಿಷಯ. ಫುಲ್‌ಬ್ಯಾಕ್ ಅಂದ ತಕ್ಷಣ ಎಲ್ಲರೂ ಅಸಿಸ್ಟ್ (ಗೋಲಿಗೆ ಮುಂಚಿನ ಕೊನೆಯ ಪಾಸ್) ಎಣಿಸುತ್ತಾರೆ. 2018-19ರ ಪ್ರೀಮಿಯರ್ ಲೀಗ್‌ನಲ್ಲಿ ಲಿವರ್‌ಪೂಲ್‌ನ ಟ್ರೆಂಟ್ ಅಲೆಕ್ಸಾಂಡರ್-ಆರ್ನಲ್ಡ್ 12 ಅಸಿಸ್ಟ್ ಕೊಟ್ಟ, ಆಚೆ ಬದಿಯ ಆಂಡಿ ರಾಬರ್ಟ್‌ಸನ್ 11. ಅಲ್ಲಿಂದ ನಮ್ಮ ಗಲ್ಲಿ ಹುಡುಗರಿಗೂ ಅದೇ ಹುಚ್ಚು. ಆದರೆ ಅಸಿಸ್ಟ್‌ನಲ್ಲಿ ನಿಂತ ಚೆಂಡಿನದ್ದು ಬೇರೆ, ಓಡುವ ಚೆಂಡಿನದ್ದು ಬೇರೆ. ಕಾರ್ನರ್, ಫ್ರೀಕಿಕ್ ಅಂದರೆ ನಿಂತ ಚೆಂಡು. ಯಾರೂ ಮೈಮೇಲೆ ಬರುವುದಿಲ್ಲ, ಉಸಿರು ಎಳೆದುಕೊಂಡು ನೋಡಿ ಹೊಡೆಯಬಹುದು. ಓಡುವ ಚೆಂಡಿಗೆ ಆ ಪುರುಸೊತ್ತು ಎಲ್ಲಿ?

ನಮ್ಮ ಬೆಂಗಳೂರು ಎಫ್‌ಸಿಯ ರೋಶನ್ ಸಿಂಗ್‌ನನ್ನೇ ನೋಡಿ. 2021-22ರ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಗೋವಾದಲ್ಲಿ, ಫೈನಲ್ ಬಿಟ್ಟರೆ ಖಾಲಿ ಸ್ಟೇಡಿಯಂಗಳಲ್ಲೇ ನಡೆಯಿತು, ನಾವೆಲ್ಲ ಟಿವಿ ಮುಂದೆ. ಆ ಜನವರಿಯಲ್ಲಿ ಕೇರಳ ಬ್ಲಾಸ್ಟರ್ಸ್ ಮೇಲೆ ಅವನು ಹೊಡೆದ ಫ್ರೀಕಿಕ್ ಗೋಲು ನೋಡಿ ಮನೆಯಲ್ಲಿ ನಾನು ಕೂಗಿದ ಕೂಗಿಗೆ ಕೆಳಗಿನ ಮನೆಯವರು ಬಾಗಿಲು ಬಡಿದರು. ಮ್ಯಾಚ್ 1-0. ಸೀಸನ್ ಕೊನೆಗೆ ಲೀಗ್‌ನ ಉದಯೋನ್ಮುಖ ಆಟಗಾರ ಪ್ರಶಸ್ತಿಯೂ ಅವನಿಗೇ ಬಂತು. ಅವನು ವಿಂಗರ್ ಆಗಿದ್ದವನು, ಹಿಂದಕ್ಕೆ ಬಂದು ಫುಲ್‌ಬ್ಯಾಕ್ ಆದವನು. ಹಿರಿಯ ಕೋಚ್ ಇದನ್ನು ಉಲ್ಟಾ ಮಾಡೋಣ ಅನ್ನುತ್ತಾರೆ. ನನ್ನ ಪ್ರಶ್ನೆ ಇಷ್ಟೇ: ಹಿಂದಿನಿಂದ ಓಡಿಬಂದರೆ ಎದುರಿಗೆ ಇಡೀ ಮೈದಾನ ಕಾಣುತ್ತದೆ. ವಿಂಗರ್ ಮಾಡಿದರೆ ಗೋಲಿಗೆ ಬೆನ್ನು ಹಾಕಿ, ಡಿಫೆಂಡರ್‌ನನ್ನು ಬೆನ್ನಿಗೆ ಅಂಟಿಸಿಕೊಂಡು ಚೆಂಡು ತೆಗೆದುಕೊಳ್ಳಬೇಕು. ಎದುರಿಗಿರುವುದನ್ನೇ ನೋಡದವನು ಬೆನ್ನ ಹಿಂದಿನದ್ದನ್ನು ನೋಡುತ್ತಾನಾ?

ಯಾಕೆಂದರೆ ನಮ್ಮ ನಂಬರ್ 2ರ ರೋಗ ಕಾಲಲ್ಲಿಲ್ಲ, ಕತ್ತಿನಲ್ಲಿದೆ. ತಲೆ ಎತ್ತುವುದಿಲ್ಲ.

ಒಂದು ಮ್ಯಾಚ್ ಪೂರ್ತಿ ನಾನು ಚೆಂಡನ್ನು ಬಿಟ್ಟು ಅವನನ್ನು ಮಾತ್ರ ನೋಡಿದೆ. ಪಾಸ್ ಬರುವಾಗ ಅವನ ಕಣ್ಣು ಪೂರ್ತಿ ಚೆಂಡಿನ ಮೇಲೆ. ಮೊದಲ ಟಚ್ ಕಾಲಡಿಗೇ ಬಂದು ಸಿಕ್ಕಿಕೊಳ್ಳುತ್ತದೆ. ಅದನ್ನು ಬಿಡಿಸಿ ಮುಂದೆ ತಳ್ಳಲು ಇನ್ನೆರಡು ಟಚ್. ಅಷ್ಟರಲ್ಲಿ ನಮ್ಮ ಸ್ಟ್ರೈಕರ್ ಓಡಿ, ನಿಂತು, ಸೊಂಟದ ಮೇಲೆ ಕೈ ಇಟ್ಟುಕೊಂಡಿರುತ್ತಾನೆ. ಆಮೇಲೆ ಇವನು ಕಣ್ಣು ಮುಚ್ಚಿಕೊಂಡು ಹೊಡೆಯುತ್ತಾನೆ. ಯಾವಾಗಲೂ ಬಲಗಾಲಲ್ಲೇ, ಹೊರಗಡೆಯಿಂದಲೇ. ಹತ್ತು ನಿಮಿಷದಲ್ಲಿ ಎದುರಾಳಿಗೂ ಇದು ಗೊತ್ತಾಗಿಬಿಡುತ್ತದೆ. ಎಡಗಾಲು ಅವನಿಗೆ ಸುಮ್ನೆ ನಿಂತುಕೊಳ್ಳೋಕೆ ಇರೋದು.

ನಾನು ಹುಡುಗರಿಗೆ ಫೋನಿನಲ್ಲಿ ತೋರಿಸುವ ಗೋಲು ಒಂದಿದೆ. 2020ರ ಆಗಸ್ಟ್, ಲಿಸ್ಬನ್, ಬಾಯರ್ನ್ 8, ಬಾರ್ಸಿಲೋನಾ 2. ಬಾಯರ್ನ್‌ನ ಹತ್ತೊಂಬತ್ತು ವರ್ಷದ ಲೆಫ್ಟ್‌ಬ್ಯಾಕ್ ಅಲ್ಫಾನ್ಸೋ ಡೇವಿಸ್ ಎಡಗಡೆಯಿಂದ ಬಾರ್ಸಿಲೋನಾದ ಸೆಮೆಡೊನನ್ನು ದಾಟಿ ಗೋಲ್‌ಲೈನ್ ತನಕ ಹೋಗುತ್ತಾನೆ. ಎಲ್ಲರೂ ಆ ಓಟವನ್ನೇ ನೋಡುತ್ತಾರೆ. ನಾನು ನಿಲ್ಲಿಸಿ ತೋರಿಸುವುದು ಕೊನೆಯ ಒಂದು ಕ್ಷಣ. ಅಲ್ಲಿಗೆ ಹೋದವನು ಜೋರಾಗಿ ಬಾರಿಸಲಿಲ್ಲ. ಚೆಂಡನ್ನು ಹಿಂದಕ್ಕೆ ಉರುಳಿಸಿದ, ಅವನದೇ ತಂಡದ ಕಿಮ್ಮಿಷ್ ಓಡಿಬಂದು ಮುಗಿಸಿದ. ಕಿಮ್ಮಿಷ್ ಅವತ್ತು ಆಡುತ್ತಿದ್ದದ್ದು ರೈಟ್‌ಬ್ಯಾಕ್! ಒಬ್ಬ ಫುಲ್‌ಬ್ಯಾಕ್ ಕೊಟ್ಟ, ಇನ್ನೊಬ್ಬ ಹೊಡೆದ. ನಮ್ಮ ಕಾಲದ ಕೋಚ್ ನೋಡಿದ್ದರೆ ಇಬ್ಬರನ್ನೂ ಬೆಂಚಿಗೆ ಕಳಿಸುತ್ತಿದ್ದರು.

ಸರಿ, ಇವನು ಸುಧಾರಿಸುತ್ತಾನಾ? ಎಡಗಾಲು, ದಿನಾ ಗೋಡೆಗೆ ಚೆಂಡು ಹೊಡೆದರೆ ಸ್ವಲ್ಪ ಮಟ್ಟಿಗೆ ಬರುತ್ತದೆ. ಮೊದಲ ಟಚ್ ಕೂಡ ಬರುತ್ತದೆ. ಯಾವಾಗ ಮೇಲೆ ಹೋಗಬೇಕು, ಯಾವಾಗ ಹಿಂದೆ ಉಳಿಯಬೇಕು ಅನ್ನೋದು ಬೈಸಿಕೊಂಡು ಬೈಸಿಕೊಂಡು ಬರುತ್ತದೆ. ನಾನು ನೋಟ್‌ಬುಕ್‌ನಲ್ಲಿ ಎರಡು ಸಲ ಗೆರೆ ಎಳೆದಿದ್ದು ಇದಕ್ಕೆಲ್ಲ ಅಲ್ಲ. ಅವತ್ತು ಒಂಬತ್ತನೇ ಕ್ರಾಸ್ ಮೊಣಕಾಲಿಗೆ ಬಡಿದಾಗ ನಮ್ಮವರೇ ಅವನ ಮೇಲೆ ಕೂಗಾಡಿದರು. ಅವನು ಹಿಂದೆ ಓಡಿದ, ಜಾಗಕ್ಕೆ ನಿಂತ, ಅರ್ಧ ನಿಮಿಷದಲ್ಲಿ ಮತ್ತೆ ಕೈ ಎತ್ತಿ ಚೆಂಡು ಕೇಳಿದ. ಆ ವಯಸ್ಸಿನಲ್ಲಿ ನಾನಾಗಿದ್ದರೆ ಎರಡನೇ ಸಲವೇ ಮುಖ ತಪ್ಪಿಸುತ್ತಿದ್ದೆ. ಚೆಂಡು ಕೇಳುವವನಿಗೆ ನೋಡೋದನ್ನ ಹೇಳಿಕೊಡಬಹುದು. ಕೇಳದವನಿಗೆ ಏನು ಹೇಳಿಕೊಡೋದು?

ಕೊನೆಗೆ ಹಿರಿಯ ಕೋಚ್ ನನಗೆ ಆರು ಭಾನುವಾರ ಕೊಟ್ಟರು. ನಾನು ಮಾಡಿದ್ದು ಬಹಳ ಸಣ್ಣ ಕೆಲಸ. ಪೆನಾಲ್ಟಿ ಸ್ಪಾಟ್ ಮೇಲೆ ನಿಂತು ಬೆರಳು ಎತ್ತುತ್ತೇನೆ. ಪಾಸ್ ಅವನ ಕಾಲಿಗೆ ತಲುಪುವ ಮುಂಚೆ ಎಷ್ಟು ಬೆರಳು ಅಂತ ಅವನು ಜೋರಾಗಿ ಹೇಳಬೇಕು. ಆಮೇಲೆ ಕ್ರಾಸ್. ಹೇಳದೆ ಹೊಡೆದರೆ ಆ ಕ್ರಾಸ್ ಲೆಕ್ಕಕ್ಕಿಲ್ಲ. ಮೊದಲ ವಾರ ಬರೀ ಊಹೆ ಹೊಡೆಯುತ್ತಿದ್ದ, ಕೈ ಕೆಳಗಿದ್ದಾಗಲೂ "ಎರಡು ಸಾರ್" ಅಂತಿದ್ದ. ಮೂರನೇ ವಾರಕ್ಕೆ ಹತ್ತರಲ್ಲಿ ಆರೇಳು ಸರಿ ಬಂತು. ತಮಾಷೆ ಅಂದರೆ, ತಲೆ ಎತ್ತೋಕೆ ಶುರು ಮಾಡಿದ ಮೇಲೆ ಮೊದಲ ಟಚ್ ತಾನಾಗೇ ಮುಂದಕ್ಕೆ ಹೋಗತೊಡಗಿತು. ಅದನ್ನು ನಾನು ಹೇಳಿಕೊಟ್ಟಿರಲೇ ಇಲ್ಲ.

ಹೋದ ಭಾನುವಾರ ಒಂದು ಫ್ರೆಂಡ್ಲಿ ಮ್ಯಾಚ್. ಇಡೀ ಮ್ಯಾಚ್‌ನಲ್ಲಿ ಅವನು ಹಾಕಿದ್ದು ಐದೇ ಕ್ರಾಸ್. ಬೇಲಿ ಪಕ್ಕದವರಿಗೆ ನಿರಾಸೆ, "ಇವತ್ತು ಡಲ್ ಇದಾನೆ" ಅಂದರು. ಎರಡು ಸಲ ಚೆಂಡಿಲ್ಲದೆ ಸುಮ್ನೆ ಹೊರಗಿನಿಂದ ಓಡಿ ಡಿಫೆಂಡರ್‌ನನ್ನು ಎಳೆದುಕೊಂಡು ಹೋದ, ಆ ಜಾಗದಲ್ಲಿ ನಮ್ಮ ವಿಂಗರ್ ಒಳಗೆ ನುಗ್ಗಿದ. ಇದನ್ನು ಯಾವ ಲೆಕ್ಕಕ್ಕೆ ಹಾಕ್ತೀರಿ? ಸೆಕೆಂಡ್ ಹಾಫ್‌ನಲ್ಲಿ ಒಮ್ಮೆ ಚೆಂಡು ಅವನತ್ತ ಬರುತ್ತಿದ್ದಾಗ ಮೈದಾನಕ್ಕೆಲ್ಲ ಕೇಳುವ ಹಾಗೆ "ನಾಲ್ಕು!" ಅಂತ ಕಿರುಚಿದ. ಎದುರಾಳಿ ಕೀಪರ್ ತಬ್ಬಿಬ್ಬು. ಕ್ರಾಸ್ ನೇರ ನಮ್ಮ ಸ್ಟ್ರೈಕರ್ ತಲೆಗೆ, ಅಲ್ಲಿಂದ ಬಾರ್‌ಗೆ.

ಮ್ಯಾಚ್ ಮುಗಿದ ಮೇಲೆ ಕರೆದು ಕೇಳಿದೆ. "ನಾಲ್ಕು ಅಂದ್ಯಲ್ಲ, ಬಾಕ್ಸ್‌ನಲ್ಲಿ ನಮ್ಮವರು ಇದ್ದದ್ದು ಮೂರೇ ಜನ ಕಣೋ."

ಬೂಟಿನ ಲೇಸ್ ಬಿಚ್ಚುತ್ತಾ ಹೇಳಿದ, "ರೆಫ್ರಿನೂ ನೀಲಿ ಟೀ ಶರ್ಟ್ ಹಾಕಿದ್ರು ಸಾರ್."