ಗದ್ದ ಹಿಂದ, ನೆತ್ತಿ ಮ್ಯಾಲ

ಬಾಗಲಕೋಟೆ ನವನಗರದ ಪತ್ತಿನ ಸಂಘವೊಂದರಲ್ಲಿ ಮಾರ್ಚ್ ಕೊನೆಯ ವಾರದ ಮಧ್ಯಾಹ್ನ. ಹೊರಗೆ ಸುಡುವ ಬಿಸಿಲು, ಒಳಗೆ ವರ್ಷದ ಲೆಕ್ಕ ಮುಗಿಸುವ ಗಡಿಬಿಡಿ. ಅದರ ನಡುವೆಯೇ ಊಟವಾದ ಮೇಲಿನ ಅರ್ಧ ತಾಸನ್ನು ಸಿಬ್ಬಂದಿ ಗೋಣು, ಹೆಗಲಿನ ವ್ಯಾಯಾಮ ಕಲಿಯಲೆಂದು ನಮಗೆ ಬಿಟ್ಟುಕೊಟ್ಟಿದ್ದರು.

ಕ್ಯಾಶ್ ಕೌಂಟರಿನ ಅಕ್ಕ ಕುತ್ತಿಗೆ ಹೆಗಲಿಗೆ ಕೂಡುವ ಜಾಗದಲ್ಲಿ ಬೆರಳಿಟ್ಟರು. "ಇಲ್ಲಿ ಕಲ್ಲ ಇಟ್ಟಂಗ ಆಗೇತ್ರಿ ಸರ. ರಾತ್ರಿ ಮುಲಾಮ ಹಚ್ಚಿ ತಿಕ್ಕಿಸ್ಕೊಂತೀನಿ, ಮುಂಜಾನಿ ಮತ್ತ ಹಂಗ."

ತಿಕ್ಕಿದರೆ ಆರಾಮ ಅನಿಸುವುದು ಸುಳ್ಳಲ್ಲ. ಆದರೆ ನೋಯುವ ಆ ಸ್ನಾಯು ತಪ್ಪು ಮಾಡಿದ್ದಲ್ಲ, ಉಳಿದವರ ಕೆಲಸ ಮಾಡಿ ದಣಿದದ್ದು. ತಲೆಯ ತೂಕ ಸುಮಾರು 4.5ರಿಂದ 5 ಕಿಲೋ. ತುಂಬಿದ ಕೊಡವನ್ನು ಬಗಲಲ್ಲಿ ಇಟ್ಟುಕೊಂಡರೆ ಹಗುರ, ಕೈ ಚಾಚಿ ಹಿಡಿದರೆ ಅದೇ ಕೊಡ ತೋಳು ಮುರಿಯುತ್ತದೆ. ಪರದೆಯ ಕಡೆಗೆ ಚಾಚಿದ ತಲೆಯದೂ ಇದೇ ಲೆಕ್ಕ. ಕುತ್ತಿಗೆಯ ಮುಂಭಾಗದ ಆಳದ ಸ್ನಾಯುಗಳು, ಬೆನ್ನಿನ ರೆಕ್ಕೆ ಮೂಳೆಯನ್ನು ಕೆಳಗೆ ಹಿಡಿಯುವ ಸ್ನಾಯುಗಳು ಸೋತಿರುತ್ತವೆ. ಎದೆಯವು ಬಿಗಿದು ಗಿಡ್ಡಾಗಿರುತ್ತವೆ. ಚೆಕ್ ದೇಶದ ವೈದ್ಯ ವ್ಲಾದಿಮೀರ್ ಯಾಂಡಾ ಇದನ್ನೇ ಅಪ್ಪರ್ ಕ್ರಾಸ್ಡ್ ಸಿಂಡ್ರೋಮ್ (ಮೈಯ ಮೇಲ್ಭಾಗದಲ್ಲಿ ಬಿಗಿದವೂ ಸೋತವೂ ಅಡ್ಡಡ್ಡ ಎದುರಾದ ಸ್ಥಿತಿ) ಎಂದು ಕರೆದರು. ಬಿಗಿದದ್ದನ್ನು ಸಡಿಲಿಸಬೇಕು, ಸೋತದ್ದನ್ನು ಎಬ್ಬಿಸಬೇಕು. ಎರಡನೆಯದನ್ನೇ ಎಲ್ಲರೂ ಬಿಡುವುದು.

ಮೊದಲು ಗದ್ದದ ವ್ಯಾಯಾಮ. "ಗದ್ದ ಹಿಂದಕ್ಕ ತಗೋರಿ" ಅಂದದ್ದೇ ತಡ, ಅಕ್ಕ ತಲೆ ಬಗ್ಗಿಸಿ ಗದ್ದವನ್ನು ಎದೆಗೆ ಹಚ್ಚಿದರು. ಎಲ್ಲ ಕಡೆಯೂ ಮೊದಲು ಆಗುವ ತಪ್ಪು ಇದು. ಮತ್ತೊಮ್ಮೆ ಹೇಳಿದಾಗ ಜೋರಾಗಿ ಹಿಂದಕ್ಕೆ ನೂಕಿದರು. ಕುತ್ತಿಗೆಯ ಎರಡೂ ಬದಿಗೆ ಹಗ್ಗದಂತೆ ನರ ಎದ್ದವು. ಎದ್ದದ್ದು ನರವಲ್ಲ, ಮೇಲಿನ ದೊಡ್ಡ ಸ್ನಾಯು. ಅದು ಎದ್ದಿತೆಂದರೆ ಆಳದವು ಮಲಗಿಯೇ ಇವೆ ಎಂದರ್ಥ.

ಹಾಗಾಗಿ ಗ್ರಾಹಕರು ಕೂರುವ ಬೆಂಚಿನ ಮೇಲೆ ಅಂಗಾತ ಮಲಗಿಸಿ, ತಲೆಯಡಿ ಮಡಚಿದ ಟವೆಲ್ ಇಟ್ಟೆವು. ಕಣ್ಣು ಮಾಳಿಗೆಯ ಕಡೆ. ಅವರದೇ ಬೆರಳುಗಳು ಕುತ್ತಿಗೆಯ ಬದಿಯ ಆ ಹಗ್ಗಗಳ ಮೇಲೆ. "ಹೂಂ" ಅನ್ನುವಾಗ ಗೋಣು ಎಷ್ಟು ಅಲುಗುತ್ತದೋ ಅಷ್ಟೇ ಅಲುಗಬೇಕು, ನೆತ್ತಿ ಬೆಂಚಿನ ತಲೆಯ ಕಡೆಯ ತುದಿಯತ್ತ ಉದ್ದವಾಗಬೇಕು, ಬೆರಳಡಿಯ ಸ್ನಾಯು ಮೆತ್ತಗೇ ಉಳಿಯಬೇಕು. 5 ಸೆಕೆಂಡು ಹಿಡಿದು ಬಿಡುವುದು, 10 ಸಲ, ಉಸಿರು ಕಟ್ಟದೆ. ನಾಲ್ಕನೇ ಸಲಕ್ಕೆ ಅಕ್ಕನ ಗದ್ದ ಸಣ್ಣಗೆ ನಡುಗಿತು. "ಇಷ್ಟ ಸಣ್ಣದಕ್ಕ ಇಷ್ಟ ತ್ರಾಸ ಏನ್ರಿ!" ನಡುಕ ಬಂದರೆ ಬಲ ಕಡಿಮೆ ಮಾಡಬೇಕು. ಮಲಗಿ ಸರಿಯಾಗಿ ಬಂದ ಮೇಲಷ್ಟೇ ಕುಳಿತು ಮಾಡುವುದು.

ಎರಡನೆಯದು ಗೋಡೆಯದು. ಮುಖ ಗೋಡೆಗೆ, ಎರಡೂ ಮುಂಗೈ ಗೋಡೆಗೆ ಹಚ್ಚಿ, ಮೆಲ್ಲಗೆ ಒತ್ತುತ್ತ ಮೇಲಕ್ಕೆ ಜಾರಿಸುವುದು, 10ರಂತೆ ಎರಡು ಸಲ. ಹೆಗಲು ಕಿವಿಯತ್ತ ಏರಿದರೆ ನೋಯುವ ಸ್ನಾಯುವಿಗೇ ಮತ್ತೆ ಕೆಲಸ ಕೊಟ್ಟಂತೆ; ಏರುವ ಮೊದಲೇ ನಿಲ್ಲಿಸಬೇಕು. ರಬ್ಬರ್ ಬ್ಯಾಂಡನ್ನು ಕಿಟಕಿಯ ಸರಳಿಗೆ ಕಟ್ಟಿ ಮೊಣಕೈ ಹಿಂದಕ್ಕೆ ಎಳೆಯುವುದರಲ್ಲೂ ಇದೇ ಎಚ್ಚರ.

ಎದೆಗೆ ಬಾಗಿಲ ಚೌಕಟ್ಟು ಸಾಕು. ಮುಂಗೈ ಚೌಕಟ್ಟಿಗೆ, ಒಂದು ಹೆಜ್ಜೆ ಮುಂದೆ, 30 ಸೆಕೆಂಡು. ಎಳೆತ ಎದೆಯಲ್ಲಿ ಗೊತ್ತಾಗಬೇಕು. ಭುಜದ ಕೀಲಿನ ಮುಂದೆ ಚುಚ್ಚಿದರೆ ಮೊಣಕೈ ಕೆಳಗಿಳಿಸಿ. ಕ್ಷೌರದಂಗಡಿಯಲ್ಲಿ ಗೋಣು ಲಟಕ್ಕೆನ್ನಿಸಿಕೊಳ್ಳುವುದನ್ನು ಮಾತ್ರ ದಯವಿಟ್ಟು ಬಿಡಿ. ಮಿದುಳಿಗೆ ರಕ್ತ ಒಯ್ಯುವ ನಾಳ ಹರಿದು ಪಾರ್ಶ್ವವಾಯು ಆಗುವುದುಂಟು.

ವ್ಯಾಯಾಮ ಹತ್ತು ನಿಮಿಷದ್ದು, ಕುರ್ಚಿ ಎಂಟು ತಾಸಿನದು. ಅಕ್ಕನ ಪರದೆ ಗದ್ದದ ಮಟ್ಟಕ್ಕಿತ್ತು. ಅಡಿಗೆ ಎರಡು ಹಳೇ ಲೆಡ್ಜರ್ ಇಟ್ಟಾಗ ಅದರ ಮೇಲಂಚು ಕಣ್ಣಿನ ಮಟ್ಟಕ್ಕೆ ಬಂತು. ದೂರ ಒಂದು ತೋಳಿನಷ್ಟು. ಎಡಗಡೆ ಮಲಗಿದ್ದ ವೋಚರ್ ಕಟ್ಟು ಕೀಬೋರ್ಡಿಗೂ ಪರದೆಗೂ ನಡುವೆ ಓರೆಯಾಗಿ ನಿಂತಿತು. ಮೊಣಕೈಗೆ ಮೇಜಿನ ಆಸರೆ ಸಿಕ್ಕಿತು. ಅರ್ಧ ತಾಸಿಗೊಮ್ಮೆ ಎದ್ದು ನಿಲ್ಲಬೇಕು. ಸೋತ ಸ್ನಾಯು ಬಲಗೊಳ್ಳಲು ಆರರಿಂದ ಎಂಟು ವಾರ ಬೇಕು. ಎರಡನೇ ವಾರಕ್ಕೆ ನೋವು ತಗ್ಗಿತೆಂದು ಬಿಡುವವರಿಗೆ ಅದು ಮರಳುತ್ತದೆ.

ಸಾಲ ವಿಭಾಗದ ಹುಡುಗನಿಗೆ ಮಾತ್ರ ಅಂದು ಒಂದೂ ವ್ಯಾಯಾಮ ಕೊಡಲಿಲ್ಲ. ಅವನ ಜುಮುಗುಡುವಿಕೆ ಹೆಗಲಿನಿಂದಿಳಿದು ಹೆಬ್ಬೆರಳು, ತೋರುಬೆರಳಿನವರೆಗೆ ಬಂದಿತ್ತು. ಪೆನ್ನು ಕೈಯಿಂದ ಜಾರುತ್ತಿತ್ತು. ಅದು ನರ ಒತ್ತಿದ ಲಕ್ಷಣ. ನಡೆಯುವಾಗ ಕಾಲು ಹಿಡಿತ ತಪ್ಪಿದರೂ, ಬಿದ್ದು ಪೆಟ್ಟಾದ ಮೇಲೆ ಗೋಣು ನೊಂದರೂ ಮೊದಲು ವೈದ್ಯರು. ಎಡ ಹೆಗಲಿನ ನೋವಿನ ಜೊತೆ ಎದೆ ಹಿಂಡಿ ಬೆವರು ಬಂದರೆ ತಡ ಮಾಡದೆ ಆಸ್ಪತ್ರೆ.

"ಮಾರ್ಚ್ ಮುಗಿಲ್ರಿ ಸರ, ಆಮ್ಯಾಲ ತೋರಸ್ತೀನಿ" ಅಂದ ಹುಡುಗ.

"ಇವತ್ತ ಸಂಜಿಕೇ ಹೋಗಪಾ" ಎಂದು ಅವನ ಮುಂದಿದ್ದ ಫೈಲುಗಳನ್ನು ಅಕ್ಕನೇ ತಮ್ಮ ಮೇಜಿಗೆ ಎಳೆದುಕೊಂಡರು.