ಬೆಟಗೇರಿಯ ಮಗ್ಗದ ಮನೆಯಲ್ಲೊಂದು ಜೋಡಿ ಚಿತ್ರ

ಲಕ್ಕುಂಡಿಯ ಕಾಶಿವಿಶ್ವೇಶ್ವರ ಗುಡಿಯ ಕೆತ್ತನೆಗಳ ಫೋಟೋಗಳನ್ನು ನನಗಿಂತ ಚೆನ್ನಾಗಿ ತೆಗೆದವರು ಬೇಕಾದಷ್ಟಿದ್ದಾರೆ. ಆದ್ದರಿಂದ ಅದನ್ನು ಬಿಟ್ಟು ನೇರವಾಗಿ ಗದಗಿನ ಅವಳಿ ಊರಾದ ಬೆಟಗೇರಿಗೆ ಬರುತ್ತೇನೆ. ಪರಿಚಿತರೊಬ್ಬರು ನನ್ನನ್ನು ಅಲ್ಲಿನ ನೇಕಾರ ದಂಪತಿಯ ಮನೆಗೆ ಕರೆದೊಯ್ದಾಗ ಯಜಮಾನರು ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕುಳಿತು ಲಾಳಿ ಓಡಿಸುತ್ತಿದ್ದರು. ಅವರ ಹೆಂಡತಿ ಗೋಡೆಯ ಬದಿಗೆ ರಾಟೆ ತಿರುಗಿಸುತ್ತ, ಲಾಳಿಯೊಳಗೆ ಕೂರುವ ನೂಲಿನ ಸುರುಳಿಯಾದ ಕಂಡಿಕೆ ಸುತ್ತುತ್ತಿದ್ದರು.

ಕ್ಯಾಮೆರಾ ಕಂಡೊಡನೆ ಇಬ್ಬರೂ ಎದ್ದು, ನಡುವೆ ಮೊಳದಷ್ಟು ಜಾಗ ಬಿಟ್ಟು, ಗೋಡೆಗೆ ಬೆನ್ನು ಹಚ್ಚಿ ನಿಂತರು. ಮದುವೆಯ ಆಲ್ಬಮ್ಮುಗಳು ರೂಢಿ ಮಾಡಿಸಿದ ಈ ಬಿಗಿದ ನಿಲುವು ನನಗೆ ಎಂದೂ ಹಿಡಿಸಿಲ್ಲ. ಮಾತಿಗೆಳೆಯಲೆಂದು, ನೇಯುವಾಗ ಇಬ್ಬರೂ ಮಾತನಾಡುತ್ತೀರಾ ಎಂದು ಕೇಳಿದೆ.

“ಎಲ್ಲಿ ಮಾತ್ರೀ! ಮಗ್ಗದ ಸಪ್ಪಳದಾಗ ಏನ್ ಕೇಳಸ್ತೈತಿ?” ಎಂದರು ಯಜಮಾನರು.

“ಸಪ್ಪಳ ನಿಂತ್ರ ಸಾಕ್ರೀ, ಕಂಡಿಕಿ ಮುಗೀತು ಅಂತ ನನಗ ತಿಳೀತೈತಿ,” ಎಂದರು ಅಕ್ಕ.

“ಸಿಟ್ಟಿನ್ಯಾಗ ಇದ್ದಾಗ ಕೈಯಾಗ ಕೊಡೂದಿಲ್ರೀ, ಒಗೀತಾಳ.”

ಇಬ್ಬರೂ ನಕ್ಕರು, ಮತ್ತೆ ತಮ್ಮ ತಮ್ಮ ಜಾಗಕ್ಕೆ ಹೋದರು. ಸ್ವಲ್ಪ ಹೊತ್ತಿಗೆ ಮಗ್ಗ ನಿಂತಿತು. ಅವರು ನೂಲಿನಿಂದ ಕಣ್ಣು ತೆಗೆಯದೆಯೇ ಕೈ ಹಿಂದಕ್ಕೆ ಚಾಚಿದರು, ಅಕ್ಕ ಆಗಲೇ ಮುಂದಕ್ಕೆ ಬಾಗಿ ತುಂಬಿದ ಕಂಡಿಕೆಯನ್ನು ಆ ಅಂಗೈಗಿಟ್ಟಿದ್ದರು. ನಾನು ಬಯಸಿದ ಚಿತ್ರ ಅದೇ. ಮುಖಚಿತ್ರವೆಂದರೆ ಲೆನ್ಸಿನ ಕಿಂಡಿಯನ್ನು ಎಫ್/1.8ರಷ್ಟು ಅಗಲವಾಗಿ ತೆರೆದು ಹಿನ್ನೆಲೆಯನ್ನೆಲ್ಲ ಮಸುಕಾಗಿಸುವ ಚಟ ಈಗ ಬಹಳವಾಗಿದೆ. ಆದರೆ ಕ್ಯಾಮೆರಾದಿಂದ ಬೇರೆ ಬೇರೆ ದೂರದಲ್ಲಿರುವ ಇಬ್ಬರ ನಂಟನ್ನು ಹಿಡಿಯಬೇಕಾದಲ್ಲಿ ಹಾಗೆ ಮಾಡಿದರೆ ಒಬ್ಬರು ವ್ಯಕ್ತಿಯಾಗಿ ಉಳಿದು ಇನ್ನೊಬ್ಬರು ಬರೀ ಹಿನ್ನೆಲೆಯಾಗುತ್ತಾರೆ. ಆದ್ದರಿಂದ ಕಿಂಡಿಯನ್ನು ಎಫ್/5.6ಕ್ಕೆ ಕಿರಿದಾಗಿಸಿ, ಕಿಟಕಿಯ ಬೆಳಕೊಂದೇ ಇದ್ದುದರಿಂದ ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಅಳತೆಯಾದ ಐಎಸ್‌ಒವನ್ನು 3200ಕ್ಕೆ ಏರಿಸಿದ್ದೆ. ನೆರಳಿನಲ್ಲಿ ಕಾಳುಕಾಳು ಬಂದಿತು, ಬರಲಿ. ಇಬ್ಬರ ಮುಖವೂ ಕಾಣುತ್ತದೆ.

ಊರು ಬಿಡುವ ಮುನ್ನ ಅವರಿಗೊಂದು ಪ್ರತಿ ಕೊಡಬೇಕೆಂದು ಸ್ಟುಡಿಯೊ ಒಂದರಲ್ಲಿ 5×7 ಇಂಚಿನ ಅಳತೆಯಲ್ಲಿ ಮುದ್ರಿಸಲು ಹೇಳಿದರೆ, ನನ್ನನ್ನೊಂದು ಮಾತೂ ಕೇಳದೆ ಅಂಚು ಕತ್ತರಿಸಿ, ರಾಟೆಯ ಜೊತೆಗೆ ಅಕ್ಕನ ಅರ್ಧ ಮುಖವನ್ನೂ ಹಾರಿಸಿಬಿಟ್ಟಿದ್ದರು! ನೆನೆದರೆ ಈಗಲೂ ಮೈ ಉರಿಯುತ್ತದೆ. ನನ್ನದರಂತೆ ಉದ್ದ-ಅಗಲ 3:2 ಪ್ರಮಾಣದ ಚಿತ್ರ ತೆಗೆಯುವ ಕ್ಯಾಮೆರಾ ಇದ್ದವರು 4×6 ಅಥವಾ 8×12 ಅಳತೆಯನ್ನೇ ಕೇಳಬೇಕು. ಬೇರೆ ಅಳತೆಯಾದರೆ ಬಿಳಿ ಅಂಚು ಬಿಟ್ಟು ಚಿತ್ರವನ್ನು ಇಡಿಯಾಗಿ ಮುದ್ರಿಸಿರೆಂದು ಚೀಟಿಯ ಮೇಲೆ ಬರೆಸಬೇಕು.

8×12ರ ಹೊಸ ಪ್ರತಿ ಒಯ್ದು ಕೊಟ್ಟಾಗ ಯಜಮಾನರು ಅದನ್ನು ಹಿಡಿದು, ಮಾಲೆ ಹಾಕಿದ ಹಿರಿಯರ ಫೋಟೋಗಳ ಸಾಲಿನಲ್ಲಿ ಖಾಲಿಯಿದ್ದ ಮೊಳೆಯತ್ತ ನಡೆದರು.

“ಆ ಸಾಲಿನ್ಯಾಗ ಬ್ಯಾಡ್ರೀ,” ಎಂದು ಅಕ್ಕ ತಡೆದರು, “ನಾವಿನ್ನೂ ಅದೀವಿ.”